ಕಂಪ್ಯೂಟರ್ ಬಂತು, ರಿಜಿಸ್ಟರ್ ಹೋಗಲಿಲ್ಲ

ಅಡ್ಮಿಷನ್ ರಿಜಿಸ್ಟರ್, ಡಿಸ್ಚಾರ್ಜ್ ರಿಜಿಸ್ಟರ್, ಇಂಜೆಕ್ಷನ್ ಬುಕ್, ಇಂಡೆಂಟ್ ಬುಕ್, ಡಯಟ್ ಶೀಟ್, ರಿಪೋರ್ಟ್ ಬುಕ್, ಸ್ಟಾಕ್ ರಿಜಿಸ್ಟರ್, ಎಂಎಲ್‌ಸಿ ರಿಜಿಸ್ಟರ್. ಹೆರಿಗೆ ವಾರ್ಡಾದರೆ ಲೇಬರ್ ರೂಮ್ ರಿಜಿಸ್ಟರ್ ಬೇರೆ. ತಾಲ್ಲೂಕು ಆಸ್ಪತ್ರೆಯ ನರ್ಸ್ ಮೇಜಿನ ಮೇಲೆ ಇವೆಲ್ಲ ರಟ್ಟು ಕಿತ್ತುಬಂದು, ಬೆನ್ನಿಗೆ ಪ್ಲಾಸ್ಟರ್ ಅಂಟಿಸಿಕೊಂಡು ಕೂತಿರುತ್ತವೆ. ಗಾಯಕ್ಕೆ ಹಾಕುವ ಅದೇ ಪ್ಲಾಸ್ಟರ್. ಕೆಲವು ವರ್ಷಗಳಿಂದ ಅವುಗಳ ಪಕ್ಕಕ್ಕೆ ಒಂದು ಕಂಪ್ಯೂಟರೂ ಬಂದು ಕೂತಿದೆ. ಇನ್ನು ಬರೆಯುವ ಕೆಲಸ ಕಡಿಮೆಯಾಗುತ್ತೆ ಮೇಡಂ ಅಂತ ತರಬೇತಿ ಕೊಡಲು ಬಂದವರು ಹೇಳಿದ್ದರು. ಈಗ ಮೊದಲು ಪುಸ್ತಕದಲ್ಲಿ ಬರೆಯುತ್ತೇವೆ, ಆಮೇಲೆ ಅದನ್ನೇ ನೋಡಿಕೊಂಡು ಕಂಪ್ಯೂಟರಿಗೆ ಹಾಕುತ್ತೇವೆ.

ನಾನು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಸೇರಿದಾಗ ಸ್ಟಾಫ್ ನರ್ಸ್ ಅನ್ನುತ್ತಿದ್ದರು. ಹುದ್ದೆಯ ಹೆಸರು ದೊಡ್ಡದಾಯಿತು, ರೋಗಿಗಳಿಗೆ ಇವತ್ತಿಗೂ ಸಿಸ್ಟರಮ್ಮನೇ. ಯಂತ್ರ ಬೇಡ ಎನ್ನುವವರ ಪೈಕಿ ನಾನಲ್ಲ. ಯಂತ್ರ ಬಂದ ಮೇಲೆ ಪುಸ್ತಕ ಮುಚ್ಚಿ ಎನ್ನುವವಳು. ಇದನ್ನು ಮೀಟಿಂಗಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಅದು ಸಣ್ಣದೇನಲ್ಲ. ಮೊದಲೆಲ್ಲ ಎದೆನೋವು ಅಂತ ರಾತ್ರಿ ಯಾರಾದರೂ ಬಂದರೆ ನಾವು ಇಸಿಜಿ ತೆಗೆದು, ಡ್ಯೂಟಿ ಡಾಕ್ಟರಿಗೆ ತೋರಿಸಿ, ಅವರಿಗೂ ಅನುಮಾನ ಬಂದರೆ ಒಂದು ಆಸ್ಪಿರಿನ್ ಅಗಿಸಿ, ಆಂಬ್ಯುಲೆನ್ಸ್ ಹತ್ತಿಸಿ ಮೈಸೂರಿಗೋ ಬೆಂಗಳೂರಿಗೋ ಕಳಿಸುತ್ತಿದ್ದೆವು. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಆ ದಾರಿಯೇ ಶತ್ರು. ಈಗ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಗಳಲ್ಲಿ ನರ್ಸ್ ತೆಗೆದ ಇಸಿಜಿ ನೇರ ಆನ್‌ಲೈನಿಗೆ ಹೋಗುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅದನ್ನು ಓದುತ್ತದೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಬೆನ್ನಿಗಿರುತ್ತಾರೆ, ಕೆಲವೇ ನಿಮಿಷದಲ್ಲಿ ಇದು ಹಾರ್ಟ್ ಅಟ್ಯಾಕ್ ಹೌದೋ ಅಲ್ಲವೋ ಎಂದು ಉತ್ತರ ಬರುತ್ತದೆ. ಹೌದಾದರೆ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ ಅದು, ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯ ಉಳಿಯುತ್ತದೆ.

ಆದರೆ ತೆರೆಯ ಮೇಲೆ ಉತ್ತರ ಬಂದ ನಂತರ ನಡೆಯುವುದನ್ನು ಯಾರೂ ಬರೆಯುವುದಿಲ್ಲ. ಆ ಇಂಜೆಕ್ಷನ್ನಿನ ಪ್ರಮಾಣ ತೂಕದ ಮೇಲೆ ಹೋಗುತ್ತದೆ. 60 ಕೆಜಿಗಿಂತ ಕಡಿಮೆ ಇದ್ದರೆ 30 ಮಿಲಿಗ್ರಾಂ, 90 ಕೆಜಿ ಮುಟ್ಟಿದರೆ 50. ಎದೆ ಹಿಡಿದುಕೊಂಡು ಬೆವರುತ್ತಿರುವ ಮನುಷ್ಯನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಲಾಗುವುದಿಲ್ಲ. ಎಷ್ಟು ತೂಕ ಯಜಮಾನರೇ ಅಂದರೆ, ‘ಜಾತ್ರೇಲಿ ಮಿಷನ್ ಮೇಲೆ ನಿಂತಿದ್ದೆ ಕಣವ್ವ, ನೆಪ್ಪಿಲ್ಲ’ ಎನ್ನುತ್ತಾರೆ. ಆಗ ಅಂದಾಜು ಕಟ್ಟುವುದು ನರ್ಸ್ ಕಣ್ಣು, ಡಾಕ್ಟರ್ ಕಣ್ಣು. ಜಾಸ್ತಿ ಹೋದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಕೊಟ್ಟ ಮೇಲೆ ಒಸಡಿನಲ್ಲಿ ರಕ್ತ ಬರುತ್ತಿದೆಯೇ, ತಲೆನೋವು ಅನ್ನುತ್ತಾರೆಯೇ, ಮಾತು ತೊದಲುತ್ತಿದೆಯೇ ಎಂದು ಹಾಸಿಗೆಯ ಪಕ್ಕ ನಿಂತು ನೋಡಬೇಕು. ಯಂತ್ರ ಬೆಂಗಳೂರಿನ ಬುದ್ಧಿಯನ್ನು ನಮ್ಮ ಊರಿಗೆ ತಂದಿದ್ದು ನಿಜ, ಅದರ ಜೊತೆಗೇ ನಮ್ಮ ಊರಿನ ನರ್ಸ್ ನಿಂತು ನೋಡಬೇಕಾದ ಹೊತ್ತನ್ನು ಹೆಚ್ಚು ಮಾಡಿದೆ. ಆ ಹೊತ್ತು ಎಲ್ಲಿಂದ ಬರಬೇಕು?

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಉಳಿದ ಆಸ್ಪತ್ರೆಗಳಲ್ಲಿ ಐದಕ್ಕೊಬ್ಬರು. ರಾತ್ರಿ ಪಾಳಿಯಲ್ಲಿ ಒಮ್ಮೆ ಯಾವುದಾದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಣಿಸಿ ನೋಡಿ. ಅದನ್ನು ಎಣಿಸಲು ಆ್ಯಪ್ ಬೇಕಿಲ್ಲ. ಇಂಥ ವಾರ್ಡಿನಲ್ಲಿ ಒಂದೇ ಇಂಜೆಕ್ಷನ್ನನ್ನು ಕೇಸ್ ಶೀಟಿನಲ್ಲಿ ಒಮ್ಮೆ, ಇಂಜೆಕ್ಷನ್ ಬುಕ್ಕಿನಲ್ಲಿ ಒಮ್ಮೆ, ಕಂಪ್ಯೂಟರಿನಲ್ಲಿ ಒಮ್ಮೆ ಬರೆದರೆ ಹೋಗುವ ನಿಮಿಷ ರೋಗಿಯದು.

ಅದರ ಫಲ ಎಲ್ಲಿ ಕಾಣುತ್ತದೆ ಗೊತ್ತೇ? ಉಸಿರಾಟದ ಕಾಲಂನಲ್ಲಿ. ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟನ್ನು ಯಾವುದೇ ಆಸ್ಪತ್ರೆಯಲ್ಲಿ ತೆಗೆದು ನೋಡಿ, ಎಲ್ಲರ ಉಸಿರಾಟವೂ ನಿಮಿಷಕ್ಕೆ 18, ಇಲ್ಲವೇ 20. ನ್ಯುಮೋನಿಯಾದವರಿಗೂ ಅಷ್ಟೇ, ಹರ್ನಿಯಾದವರಿಗೂ ಅಷ್ಟೇ. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಮಿಷನ್ ಇದೆ, ಬೆರಳಿಗೆ ಆಕ್ಸಿಮೀಟರ್ ಇದೆ. ಉಸಿರನ್ನು ಮಾತ್ರ ಎದೆ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ವಾರ್ಡಿನಲ್ಲಿ ಮೂವತ್ತು ಜನ ಇದ್ದರೆ ಅದಕ್ಕೇ ಅರ್ಧ ಗಂಟೆ. ರೋಗಿ ಕೆಡುತ್ತಿರುವುದನ್ನು ಮೊದಲು ಹೇಳುವುದು ಎಷ್ಟೋ ಸಲ ಈ ಉಸಿರೇ ಎಂದು ಮೊದಲ ವರ್ಷದ ಹುಡುಗಿಯರಿಗೂ ಪಾಠವಾಗಿರುತ್ತದೆ. ಎಣಿಸಲು ಪುರಸೊತ್ತಿಲ್ಲದ ಕಡೆ ಕಾಲಂ ತುಂಬುತ್ತಾರೆ. ಪುಸ್ತಕದಲ್ಲಿ ಅದು ಬರೀ ಅಂಕಿ. ಕಂಪ್ಯೂಟರಿಗೆ ಹೋದ ಕೂಡಲೇ ಡೇಟಾ, ಗ್ರಾಫು, ನೂರಕ್ಕೆ ನೂರು ಎಂಟ್ರಿ ಆಗಿದೆ ಎನ್ನುವ ಹಸಿರು ಬಣ್ಣ.

ಆಕ್ಸಿಮೀಟರಿನ ಕತೆಯೂ ಪೂರ್ತಿ ನೇರ ಇಲ್ಲ. ಕೋವಿಡ್ ಬಂದಾಗಿನಿಂದ ಹಳ್ಳಿಯ ಮನೆಗಳಲ್ಲೂ ಅದು ಸಿಗುತ್ತದೆ, 95 ಇದೆ ಅಂದರೆ ಎಲ್ಲರೂ ಸಮಾಧಾನಪಡುತ್ತಾರೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅದು ತಪ್ಪು ಹೇಳುತ್ತದೆ. ಅಷ್ಟೇ ಅಲ್ಲ, 2020ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಕ್ಸಿಮೀಟರ್ ಸರಿಯಾಗಿದೆ ಎಂದು ತೋರಿಸಿದರೂ ರಕ್ತದಲ್ಲಿ ನಿಜಕ್ಕೂ ಆಮ್ಲಜನಕ ಕಡಿಮೆಯಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ವರ್ಣದವರಲ್ಲಿ ಸುಮಾರು ಮೂರು ಪಟ್ಟು ಕಂಡವು. ಬಿಸಿಲಲ್ಲಿ ಕಬ್ಬು ಕಡಿದು ಬರುವ ನಮ್ಮ ರೋಗಿಗಳ ಬೆರಳಿಗೆ ಅದನ್ನು ಸಿಕ್ಕಿಸುವಾಗ ನನಗೆ ಇದು ನೆನಪಾಗುತ್ತದೆ. ತುಟಿಯ ಬಣ್ಣವನ್ನೂ ನೋಡುತ್ತೇನೆ. ತುಟಿಯ ಬಣ್ಣ ಬರೆಯಲು ನಮ್ಮ ತಂತ್ರಾಂಶದಲ್ಲಿ ಜಾಗವಿಲ್ಲ.

ಲೆಕ್ಕ ಇಡುವುದೇ ನರ್ಸ್ ಕೆಲಸ ಅಲ್ಲ ಎಂದು ವಾದಿಸುವ ಗೆಳತಿಯರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರತಿವರ್ಷ ಮೇ 12ರ ದಾದಿಯರ ದಿನಕ್ಕೆ ನಮ್ಮ ಕೈಗೆ ಮೇಣದ ಬತ್ತಿ ಕೊಟ್ಟು ಫೋಟೊ ತೆಗೆಯುತ್ತಾರೆ, ದೀಪ ಹಿಡಿದ ಮಹಾತಾಯಿ ಅಂತ ಭಾಷಣವಾಗುತ್ತದೆ. ಆ ಫ್ಲಾರೆನ್ಸ್ ನೈಟಿಂಗೇಲ್ ಲೆಕ್ಕದಲ್ಲಿ ಗಟ್ಟಿಗರು. ಕ್ರೈಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತರು ಎಂದು ಬಣ್ಣದ ನಕ್ಷೆ ಬರೆದು ಸರ್ಕಾರದ ಮುಂದಿಟ್ಟರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ ಅವರು. ಅವರು ಎಣಿಸಿದ್ದು ವಾರ್ಡನ್ನು ಸರಿಮಾಡಿಸಲು. ನಾವು ಹಾಕಿದ ಅಂಕಿ ಜಿಲ್ಲೆಗೆ ಹೋಗುತ್ತದೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತದೆ, ವಾರ್ಡಿಗೆ ಮಾತ್ರ ವಾಪಸ್ ಬರುವುದಿಲ್ಲ. ಹೋದ ತಿಂಗಳು ಎಷ್ಟು ಜನಕ್ಕೆ ಬೆಡ್‌ಸೋರ್ ಆಯಿತು, ಎಷ್ಟು ಜನಕ್ಕೆ ಡ್ರಿಪ್ ಹಾಕಿದ ಕೈ ಊದಿತು ಎಂದು ಅದೇ ಕಂಪ್ಯೂಟರ್ ಒಂದು ಗುಂಡಿ ಒತ್ತಿದರೆ ನಮಗೆ ಹೇಳುವಂತಿರಬೇಕಿತ್ತು. ಎಂಟ್ರಿ ಬಾಕಿ ಇದೆ ಎನ್ನುವುದನ್ನು ಬಿಟ್ಟು ಅದು ನಮಗೆ ಬೇರೇನೂ ಹೇಳಿದ್ದಿಲ್ಲ.

ಆಶಾ ಕಾರ್ಯಕರ್ತೆಯರದು ಇನ್ನೂ ಕಷ್ಟ. ಅವರ ಪ್ರೋತ್ಸಾಹಧನವೇ ತಾಯಿ-ಮಕ್ಕಳ ಆರೋಗ್ಯ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ಗೆ ತಗುಲಿಕೊಂಡಿದೆ. ಮನೆಗೆ ಹೋಗಿ ಬಾಣಂತಿಯನ್ನು ನೋಡಿ ಬಂದರೂ ಪೋರ್ಟಲ್‌ನಲ್ಲಿ ಕಾಣದಿದ್ದರೆ ದುಡ್ಡಿಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಾಗ, ಗೌರವಧನದ ಜೊತೆಗೆ ಈ ಪೋರ್ಟಲ್ ಗಂಟನ್ನು ಬಿಚ್ಚಿ ಎಂದೂ ಕೇಳಿದ್ದರು.

ಇನ್ನು ಆಭಾ. 14 ಅಂಕಿಯ ಆರೋಗ್ಯ ಖಾತೆ, 2021ರ ಸೆಪ್ಟೆಂಬರಿನಿಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ದೇಶಕ್ಕೆಲ್ಲ ಬಂದದ್ದು. ವಿಚಾರ ಒಳ್ಳೆಯದು. ಹಳೆಯ ರಿಪೋರ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು, ಸ್ಕ್ಯಾನಿಂಗ್ ಚೀಟಿ ಒಂದು ಕಡೆ, ಮಾತ್ರೆ ಚೀಟಿ ಇನ್ನೊಂದು ಕಡೆ ಮಾಡಿಕೊಂಡು ಹುಡುಕುವ ಜನರ ಪಾಡು ನಮಗೆ ಗೊತ್ತು. ಆದರೆ ಖಾತೆ ಮಾಡಿಸಲು ಸಾಮಾನ್ಯವಾಗಿ ಓಟಿಪಿ ಬೇಕು. ಅಜ್ಜಿಯ ಆಧಾರಿಗೆ ಸೇರಿಸಿರುವ ನಂಬರ್ ಮಗನದು. ಮಗ ಪೀಣ್ಯದಲ್ಲಿ ಶಿಫ್ಟಿನಲ್ಲಿದ್ದಾನೆ, ಫೋನ್ ಫ್ಯಾಕ್ಟರಿಯ ಲಾಕರಿನಲ್ಲಿದೆ. ಕಾಯುತ್ತ ಕೂತ ಅಜ್ಜಿ ನನ್ನನ್ನು ಕೇಳಿದ್ದು ಸಕ್ಕರೆ ಕಾಯಿಲೆಯ ಬಗ್ಗೆ ಅಲ್ಲ. ‘ಇದ್ನೆಲ್ಲಾ ಕಂಪ್ಯೂಟರ್ನಾಗೆ ಹಾಕ್ಬುಟ್ರೆ ನನ್ ಗೃಹಲಕ್ಷ್ಮಿ ದುಡ್ಡು ನಿಂತೋಯ್ತದಾ ಅವ್ವಾ?’ ಇಲ್ಲ ಅಜ್ಜಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಬಿಡಿಸಿ ಹೇಳುವುದೂ ಈಗ ಶುಶ್ರೂಷೆಯ ಒಂದು ಭಾಗ. ತರಬೇತಿಯಲ್ಲಿ ಯಾರೂ ಅದನ್ನು ಹೇಳಿಕೊಡಲಿಲ್ಲ.

ಯಾವ ಆದೇಶದಲ್ಲೂ ಇಲ್ಲದ, ಆದರೆ ನಿಜಕ್ಕೂ ಆಸ್ಪತ್ರೆಗಳನ್ನು ನಡೆಸುತ್ತಿರುವ ತಂತ್ರಾಂಶ ಒಂದಿದೆ, ವಾಟ್ಸ್ಯಾಪ್. ರಾತ್ರಿ ಗಾಯದ ಫೋಟೊ ತೆಗೆದು ಡಾಕ್ಟರಿಗೆ ಕಳಿಸುತ್ತೇವೆ, ಅವರು ಔಷಧ ಟೈಪ್ ಮಾಡುತ್ತಾರೆ, ನಾವು ಕೊಡುತ್ತೇವೆ. ಜೀವ ಉಳಿದಿವೆ ಇದರಿಂದ. ಆದರೆ ಫೋನ್ ನಮ್ಮದು, ಡೇಟಾ ಪ್ಯಾಕ್ ನಮ್ಮದು, ರೋಗಿಯ ಮೈಯ ಚಿತ್ರ ನಮ್ಮ ಗ್ಯಾಲರಿಯಲ್ಲಿ, ಮಕ್ಕಳ ಹುಟ್ಟುಹಬ್ಬದ ಫೋಟೊಗಳ ನಡುವೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂದಿದೆ. ಏನಾದರೂ ಹೆಚ್ಚುಕಮ್ಮಿಯಾದರೆ ಮೊದಲು ಯಾರ ಫೋನ್ ಕೇಳುತ್ತಾರೆ ಎಂದು ಹೇಳಬೇಕಾಗಿಲ್ಲ. ವಾರ್ಡಿಗೊಂದು ಸರ್ಕಾರಿ ಫೋನ್ ಕೊಡಲು ಇಷ್ಟು ವರ್ಷ ಬೇಕೇ?

ಪುಸ್ತಕ ಯಾಕೆ ಮುಚ್ಚುವುದಿಲ್ಲ ಅಂತ ಕೇಳಿದರೆ ಎರಡು ಉತ್ತರ ಸಿಗುತ್ತದೆ. ಒಂದು, ಆಡಿಟ್‌ಗೆ, ಕೋರ್ಟಿಗೆ ಕಾಗದವೇ ಬೇಕು. ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 2000ದ ಐಟಿ ಕಾಯ್ದೆಯಲ್ಲೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಅದನ್ನು ದಾಖಲೆ ಎಂದೇ ಕರೆಯುತ್ತದೆ. ಕಾನೂನಿಗಿಲ್ಲದ ಹಟ ನಮ್ಮ ಕಚೇರಿಗಳಿಗಿದೆ. ಎರಡನೆಯ ಉತ್ತರಕ್ಕೆ ತೂಕವಿದೆ: ಸರ್ವರ್ ಬಿದ್ದರೆ? 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾದಾಗ ಅಂಥ ದೊಡ್ಡ ಆಸ್ಪತ್ರೆಯೇ ಹಲವು ದಿನ ಕೈಬರಹಕ್ಕೆ ಇಳಿಯಬೇಕಾಯಿತು. ನಮ್ಮಲ್ಲಿ ದಾಳಿ ಬೇಡ, ಒಂದು ಮಳೆ ಸಾಕು. ಆದರೆ ಅದಕ್ಕೆ ಮದ್ದು ಕರೆಂಟ್ ಹೋದಾಗ ಮಾತ್ರ ಬಳಸುವ ಒಂದು ಹಾಳೆ. ವರ್ಷಪೂರ್ತಿ ತುಂಬುವ ಹತ್ತು ಹನ್ನೆರಡು ರಿಜಿಸ್ಟರ್ ಅಲ್ಲ.

ಬರೆಯುವ ಭಾರವನ್ನು ಇಳಿಸುವ ದಾರಿಗಳನ್ನು ಕೆಲವರು ಹುಡುಕುತ್ತಲೂ ಇದ್ದಾರೆ. ಕೋವಿಡ್ ಕಾಲದಲ್ಲಿ ಶುರುವಾದ ಟೆನ್ ಬೆಡ್ ಐಸಿಯು ಯೋಜನೆಯ ತಂತ್ರಾಂಶದಲ್ಲಿ, ನರ್ಸ್ ಬಾಯಲ್ಲಿ ಹೇಳಿದ್ದು ಫಾರಂನಲ್ಲಿ ತಾನಾಗಿ ತುಂಬಿಕೊಳ್ಳುವಂತೆ ಮಾಡುವ ಪ್ರಯತ್ನ ನಡೆದಿದೆ. ಕನ್ನಡದಲ್ಲಿ, ಅದೂ ನಮ್ಮ ಮಂಡ್ಯ ಕಡೆಯ ಕನ್ನಡದಲ್ಲಿ, ಮಗು ಅಳುವ ವಾರ್ಡಿನ ನಡುವೆ ಅದು ಸರಿಯಾಗಿ ಕೇಳಿಸಿಕೊಂಡರೆ ನಾನೇ ಮೊದಲು ಬಳಸುತ್ತೇನೆ.

ಅಲ್ಲಿಯತನಕ ಇಲಾಖೆ ಮಾಡಬಹುದಾದ, ಖರ್ಚಿಲ್ಲದ ಕೆಲಸ ಒಂದಿದೆ. ಹೊಸ ತಂತ್ರಾಂಶದ ಆದೇಶ ಹೊರಡಿಸುವಾಗ ಅದೇ ಆದೇಶದಲ್ಲಿ, ಇಂಥ ದಿನಾಂಕದಿಂದ ಇಂಥ ರಿಜಿಸ್ಟರ್ ನಿಲ್ಲಿಸಲಾಗಿದೆ ಎಂಬ ಸಾಲು ಬರೆಯಲಿ. ಆ ಸಾಲು ಬರೆಯಲು ಧೈರ್ಯವಿಲ್ಲದಿದ್ದರೆ ತಂತ್ರಾಂಶ ಇನ್ನೂ ತಯಾರಿಲ್ಲ ಎಂದೇ ಅರ್ಥ, ತರುವುದು ಬೇಡ. ಇಂಜೆಕ್ಷನ್ ಬುಕ್ಕಿನಿಂದ ಶುರುಮಾಡಬಹುದು, ಅದು ಕೇಸ್ ಶೀಟಿನ ನಕಲೇ. ನಂತರ ಅಡ್ಮಿಷನ್, ಡಿಸ್ಚಾರ್ಜ್. ಎಂಎಲ್‌ಸಿ ರಿಜಿಸ್ಟರ್ ಕೊನೆಗಿರಲಿ. ಅದು ಪೊಲೀಸರೂ ವಕೀಲರೂ ಕೇಳುವ ಪುಸ್ತಕ, ಅವರನ್ನೂ ಕೂರಿಸಿಕೊಂಡು ಮಾತಾಡಿ.