ವೈವಾದಲ್ಲಿ ಕನ್ನಡಕ್ಕೇಕೆ ಅಡ್ಡಿ?



ಎಂಜಿನಿಯರಿಂಗ್ ಪದವಿಯನ್ನು ಭಾರತೀಯ ಭಾಷೆಗಳಲ್ಲೂ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2021ರಲ್ಲಿ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡ ಮಾಧ್ಯಮದ ಆ ಸೀಟುಗಳಿಗೆ ಕರ್ನಾಟಕದಲ್ಲಿ ಯಾರೂ ಮುಗಿಬೀಳಲಿಲ್ಲ. ಅದನ್ನೇ ಹಿಡಿದುಕೊಂಡು, ‘ಕಂಪ್ಯೂಟರ್ ಅಂದರೆ ಇಂಗ್ಲಿಷೇ, ಹುಡುಗರು ಮೊದಲು ಅದನ್ನು ಕಲಿಯಲಿ’ ಎಂದು ತೀರ್ಪು ಕೊಡುವವರಿಗೆ ತೊಡಕು ಎಲ್ಲಿದೆ ಎಂಬುದೇ ಕಂಡಿಲ್ಲ.

1989ರಲ್ಲಿ ಪ್ರಮಾಣೀಕರಿಸಿದ ಸಿ ಭಾಷೆಯಲ್ಲಿ ಕೀವರ್ಡುಗಳು 32 ಮಾತ್ರ. ಇಫ್, ವೈಲ್, ರಿಟರ್ನ್ ಇತ್ಯಾದಿ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಗೆ ಇಷ್ಟು ಪದ ಯಾವ ಲೆಕ್ಕ? ಅವಳು ಕಂಗೆಡುವುದು ಪ್ರೋಗ್ರಾಂ ಓಡದೆ ನಿಂತಾಗ. ಎರರ್ ಮೆಸೇಜ್ ಇಂಗ್ಲಿಷು, ಅದನ್ನು ವಿವರಿಸುವ ಮ್ಯಾನ್ಯುಯಲ್ ಇಂಗ್ಲಿಷು. ಬಲ್ಲವರನ್ನು ಕೇಳೋಣವೆಂದರೆ ಪ್ರಶ್ನೆಯನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು. ವ್ಯಾಕರಣ ತಪ್ಪೀತೆಂಬ ಅಳುಕಿನಲ್ಲಿ ಎಷ್ಟೋ ಮಂದಿ ಕೇಳುವುದನ್ನೇ ಬಿಡುತ್ತಾರೆ.

ಜಪಾನಿನ ಯುಕಿಹಿರೊ ಮತ್ಸುಮೊತೊ 1995ರಲ್ಲಿ ಬಿಡುಗಡೆ ಮಾಡಿದ ರೂಬಿ ಭಾಷೆಯ ಕೀವರ್ಡುಗಳೂ ಇಂಗ್ಲಿಷಿನವೇ. ಆದರೆ ಮೊದಲ ಕೆಲವು ವರ್ಷ ಅದರ ಚರ್ಚೆ, ತಿದ್ದುಪಡಿಗಳೆಲ್ಲ ಬಹುಪಾಲು ನಡೆದದ್ದು ಜಪಾನಿಯಲ್ಲಿ. ಇಂಗ್ಲಿಷ್ ಪುಸ್ತಕ ಬಂದದ್ದು 2000ದ ಹೊತ್ತಿಗೆ. ಜಗತ್ತಿಗೆಲ್ಲ ಹರಡಲು ಇಂಗ್ಲಿಷ್ ಬೇಕಾಯಿತು, ನಿಜ. ಹುಟ್ಟಿ ಬಲಿಯಲು ಬೇಕಾಗಲಿಲ್ಲ. ಬ್ರೆಜಿಲ್‌ನಲ್ಲಿ ಆದದ್ದು ಬೇರೆ. ರಿಯೊ ಡಿ ಜನೈರೊದ ವಿಶ್ವವಿದ್ಯಾಲಯವೊಂದರಲ್ಲಿ 1993ರಲ್ಲಿ ಹುಟ್ಟಿದ ಲುವಾ ಭಾಷೆಯ ಬಗ್ಗೆ ಅದರ ಕರ್ತೃಗಳಲ್ಲೊಬ್ಬರಾದ ರೊಬರ್ಟೊ ಇಯೆರುಸಲಿಂಸ್ಕಿ 2003ರಲ್ಲಿ ತಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ತಮ್ಮೂರಿನದೇ ಸರಕನ್ನು ರಿಯೊದ ಹುಡುಗರು ಪರಭಾಷೆಯಲ್ಲಿ ಓದಿಕೊಳ್ಳಬೇಕಾಯಿತು! ಇನ್ನು ಪೈಥಾನ್‌ನ ಅಧಿಕೃತ ಕೈಪಿಡಿ ಜಪಾನಿ, ಕೊರಿಯನ್, ಫ್ರೆಂಚ್ ಭಾಷೆಗಳಿಗೆ ಬಂದಿದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ವೇರಿಯಬಲ್‌ಗೆ ‘ಬೆಲೆ’ ಎಂದು ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ಯಂತ್ರಕ್ಕೆ ಕನ್ನಡದ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಕಾಲೇಜುಗಳಲ್ಲಿ. ಲ್ಯಾಬಿನಲ್ಲಿ ಮೇಷ್ಟ್ರು ಸಿ ಭಾಷೆಯ ಪಾಯಿಂಟರ್ ಅಂದರೇನೆಂದು ಎಷ್ಟೋ ಕಡೆ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ರೆಕಾರ್ಡು, ವೈವಾ (ಮೌಖಿಕ ಪರೀಕ್ಷೆ) ಬಂದ ಕೂಡಲೇ ಎಲ್ಲರ ದನಿಯೂ ಬದಲು. ಪಾಯಿಂಟರ್ ಅರ್ಥವಾದವನು ಎಕ್ಸ್‌ಟರ್ನಲ್ ಪರೀಕ್ಷಕರ ಮುಂದೆ ತಡವರಿಸುತ್ತಾನೆ, ಬಾಯಿಪಾಠ ಒಪ್ಪಿಸಿದವನು ಅಂಕ ಹೊಡೆಯುತ್ತಾನೆ.

ಖಾಲಿ ಸೀಟು ಎಣಿಸುವ ಬದಲು, ಯಾವ ಮಾಧ್ಯಮದ ವಿದ್ಯಾರ್ಥಿಯೇ ಆಗಲಿ ವೈವಾದಲ್ಲಿ ಕನ್ನಡದಲ್ಲಿ ಉತ್ತರಿಸಬಹುದು ಎಂದು ವಿಶ್ವವಿದ್ಯಾಲಯಗಳು ಸುತ್ತೋಲೆ ಹೊರಡಿಸಲಿ. ಪಾಯಿಂಟರ್ ಪಾಯಿಂಟರ್ ಆಗಿಯೇ ಇರಲಿ, ಅದಕ್ಕೊಂದು ಸಂಸ್ಕೃತ ಪದ ಹುಡುಕಬೇಕಿಲ್ಲ. ಪದೇ ಪದೇ ಎದುರಾಗುವ ಎರರ್‌ಗಳ ಅರ್ಥ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಕನ್ನಡದಲ್ಲೂ ಅಚ್ಚಾಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಕನ್ನಡ ಬಾರದ ಎಕ್ಸ್‌ಟರ್ನಲ್ ಬಂದರೆ ಪಕ್ಕದಲ್ಲಿ ಇಂಟರ್ನಲ್ ಪರೀಕ್ಷಕರು ಹೇಗೂ ಕೂತಿರುತ್ತಾರೆ.

– ಒಬ್ಬ ಓದುಗ, ದಾವಣಗೆರೆ