ಘುಗ್ರಿಯ ನಮೂನೆ ಯಾರ ಸೊತ್ತು?

ಮುದನಾಳದಂತಹ ನಮ್ಮ ತಾಂಡಾಗಳ ಹಿರಿಯ ಲಂಬಾಣಿ ಹೆಂಗಸರು ಕೆನ್ನೆಯ ಪಕ್ಕಕ್ಕೆ ಇಳಿಬಿಡುವ ಘುಗ್ರಿ-ಟೋಪ್ಲಿ ಬರಿಯ ಶೃಂಗಾರವಲ್ಲ, ಮುತ್ತೈದೆತನದ ಗುರುತು. ಅದೇ ನಮೂನೆಯನ್ನು ಅಚ್ಚಿನಲ್ಲಿ ಎರಕ ಹೊಯ್ದು, ‘ಬಂಜಾರಾ ಆಭರಣ’ವೆಂದು ಹೆಸರಿಟ್ಟು ಇಂದು ಶಹರದ ಅಂಗಡಿಗಳಲ್ಲಿಯೂ ಮೊಬೈಲಿನಲ್ಲಿಯೂ ಮಾರುತ್ತಿದ್ದಾರೆ. ತಾಂಡಾದ ಹೆಸರು ಉಂಟು, ತಾಂಡಾಕ್ಕೆ ಕಾಸಿಲ್ಲ. ಕೇಳಿದರೆ, ಹಳೆಯ ನಮೂನೆ, ಯಾರದೂ ಅಲ್ಲ ಎನ್ನುತ್ತಾರೆ. ಬಡವರ ಗೋಮಾಳವನ್ನು ನುಂಗುವಾಗಲೂ ಇದೇ ಮಾತನ್ನಾಡಿದ್ದನ್ನು ನಾವು ಮರೆತಿಲ್ಲ.

ಕಾಯಿದೆ ಏನನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕೈಕುಶಲದ ಕಲಾಕೃತಿಗೂ ರಕ್ಷಣೆಯುಂಟು, ನೋಂದಣಿ ಬೇಕಿಲ್ಲ. ಆದರೆ ಅದರ 15ನೆಯ ಕಲಮನ್ನು ಓದಿರಿ. ವಿನ್ಯಾಸವೆಂದು ನೋಂದಾಯಿಸಬಹುದಾದುದನ್ನು ನೋಂದಾಯಿಸದೆ ಬಿಟ್ಟು, ಹಕ್ಕುದಾರರಾಗಲಿ ಅವರ ಒಪ್ಪಿಗೆ ಪಡೆದವರಾಗಲಿ ಯಂತ್ರವಿಧಾನದಿಂದ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಆ ಹಕ್ಕು ಅಳಿಯಿತು. ಸರಿ, 2000ದ ವಿನ್ಯಾಸ ಕಾಯಿದೆಯಂತೆ ನೋಂದಾಯಿಸೋಣವೆಂದರೆ ನಮೂನೆ ಹೊಸತಾಗಿರಬೇಕು. ಅಜ್ಜಿಯ ಘುಗ್ರಿಗೆ ಆ ಬಾಗಿಲು ಮುಚ್ಚಿತು. ಮೊಮ್ಮಗಳು ಹೊಸದೊಂದು ಜೋಡಣೆ ಕಟ್ಟಿದರೆ ಗರಿಷ್ಠ 15 ವರ್ಷದ ಹಕ್ಕು ಸಿಕ್ಕೀತು. ಆದರೆ ಸಂತೆಗೆ ಒಯ್ಯುವ ಮೊದಲೇ ಅರ್ಜಿ ಹಾಕಬೇಕು. ಒಮ್ಮೆ ಹತ್ತು ಜನರ ಮುಂದೆ ಹರವಿದರೆ ಅದು ಹೊಸತಲ್ಲ! ಇದನ್ನು ಅವಳಿಗೆ ಹೇಳಿದವರಾರು?

ಇನ್ನುಳಿದುದು 1999ರ ಕಾಯಿದೆಯ ಭೌಗೋಳಿಕ ಗುರುತು. ಸಂಡೂರಿನ ಲಂಬಾಣಿ ಕಸೂತಿಗೆ ಅದು ದೊರಕಿದೆ, ಸಂತೋಷ. ಆದರೆ ಅದು ಸೂಜಿಯ ಕೆಲಸಕ್ಕೆ, ಒಡವೆಗಲ್ಲ, ಸಂಡೂರಿಗೆ, ಮುದನಾಳಕ್ಕಲ್ಲ. ಮೇಲಾಗಿ ಆ ಗುರುತು ಹೆಸರನ್ನು ಕಾಯುವಷ್ಟು ಆಕಾರವನ್ನು ಕಾಯದು. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಪಾಲುದಾರರಾದ ಕೊಲ್ಲಾಪುರಿ ಚಪ್ಪಲಿಗೆ ಆ ಗುರುತು ಇದ್ದೇ ಇತ್ತು. ಆದರೂ 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂತಹುದೇ ಚಪ್ಪಲಿ ಮೆರೆಸಿದಾಗ ಮೂಲವನ್ನು ಹೇಳಲಿಲ್ಲ. ಕೂಗೆದ್ದ ಮೇಲೆ ಒಪ್ಪಿಕೊಂಡಿತು.

ಯಾರೂ ಯಾರದನ್ನೂ ನೋಡಿ ಮಾಡಬಾರದೆಂಬ ವಾದ ನಮ್ಮದಲ್ಲ. ಲಂಬಾಣಿಗರೇ ಸಂತೆಯ ಕವಡೆ, ಸರಕಾರದ ನಾಣ್ಯಗಳನ್ನು ಒಡವೆಗೆ ಪೋಣಿಸಿಕೊಂಡವರು. ಬೆಳ್ಳಿಯನ್ನು ಬಡಿದುಕೊಟ್ಟವನು ಊರ ಅಕ್ಕಸಾಲಿಗ. ಒಂದು ತಾಂಡಾದ ನಮೂನೆ ಇನ್ನೊಂದಕ್ಕೆ ಹೋಗುವುದು ಕೊಡುಕೊಳ್ಳುವಿಕೆ. ಸಾವಿರಗಟ್ಟಲೆ ಎರಕ ಹೊಯ್ದು, ತನ್ನ ಮುದ್ರೆಯೊತ್ತಿ, ಲಾಭವನ್ನೆಲ್ಲ ಗಂಟು ಕಟ್ಟುವುದು ಬೇರೆ. ಅದಕ್ಕೆ ನಾವು ಬೇರೆ ಹೆಸರಿಡುತ್ತೇವೆ.

ಭೌಗೋಳಿಕ ಗುರುತಿಗೆ ಅರ್ಜಿ ಹಾಕುವ ಅಧಿಕಾರ ಉತ್ಪಾದಕರ ಸಂಘಕ್ಕುಂಟು. ಅಂತಹ ಸಂಘವು ವ್ಯಾಪಾರಿಗಳದಾಗದೆ, ಪೋಣಿಸುವ ಹೆಂಗಸರದೂ ಬಡಿಯುವ ಅಕ್ಕಸಾಲಿಗರದೂ ಆಗಬೇಕು. ತಾಂಡಾ ಅಭಿವೃದ್ಧಿ ನಿಗಮವು ಹಳೆಯ ನಮೂನೆಗಳನ್ನು ಮಾಡಿದವರ ಹೆಸರಿನ ಸಹಿತ ದಾಖಲೆ ಮಾಡಲಿ. ಹೊಸ ನಮೂನೆಗೆ ಅರ್ಜಿ ತುಂಬಿಕೊಡಲು ಕನ್ನಡವನ್ನೂ ಲಂಬಾಣಿ ಮಾತನ್ನೂ ಬಲ್ಲವರನ್ನು ಕಳಿಸಲಿ. ಅವರು ತಾಂಡಾದ ಜನ ಗುಳೆ ಹೊರಡುವ ಮೊದಲೇ ಬರಲಿ. ಬೀಗ ಹಾಕಿದ ಮನೆಗಳ ಮುಂದೆ ನಿಂತು ವರದಿ ಬರೆಯುವುದು ಬೇಡ.