ಹೆಸರೊಂದು, ಹೂರಣವೊಂದು

ಸಾಹಿತ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ಗೋಬಿ ಮಂಚೂರಿಯ ಮಾತೇಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳದಿರರು. ಅವರಿಗೆ ನಮ್ಮ ಉತ್ತರ ಇಷ್ಟೇ: ಶಬ್ದಕ್ಕೂ ಅದರ ಅರ್ಥಕ್ಕೂ ಇರುವ ನಂಟನ್ನು ಕಾಯುವುದು ಸಾಹಿತ್ಯ ಸಂಘವೊಂದರ ಧರ್ಮವಾದರೆ, ‘ಟೊಮೆಟೊ ಸಾಸ್’ ಎಂಬ ಶಬ್ದದ ಒಳಗೆ ಟೊಮೆಟೊ ಇದೆಯೇ ಎಂದು ಕೇಳುವುದೂ ಆ ಧರ್ಮದ ಭಾಗವೇ. ಅರ್ಥವಿಲ್ಲದ ಶಬ್ದ ಪದ್ಯದಲ್ಲಿ ಬಂದರೆ ಓದುಗನ ಹೊತ್ತು ಹಾಳಾದೀತು. ತಟ್ಟೆಯಲ್ಲಿ ಬಂದರೆ ಹಾಳಾಗುವುದು ಮಕ್ಕಳ ಹೊಟ್ಟೆ.

ಆದವಾನಿ, ಎಮ್ಮಿಗನೂರು, ಆಲೂರು, ಪತ್ತಿಕೊಂಡ—ಯಾವ ಊರಿಗೆ ಹೋದರೂ ಸಂಜೆಯಾದೊಡನೆ ಬಂಡಿಗಳ ಸಾಲು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜಿಗಳ ಪಕ್ಕದಲ್ಲಿ ಈಗ ಗೋಬಿ, ನೂಡಲ್ಸ್, ಫ್ರೈಡ್ ರೈಸ್, ಕಬಾಬ್. ಇವು ಹೊರಗಿನವು ಎಂಬ ಕಾರಣಕ್ಕೆ ನಾವು ಮೂಗು ಮುರಿಯುವವರಲ್ಲ. ಮೆಣಸಿನಕಾಯಿ, ಟೊಮೆಟೊ, ನಮ್ಮ ಸೀಮೆಯ ಹೊಲಗಳನ್ನೆಲ್ಲ ಆಳಿದ ಶೇಂಗಾ ಕೂಡ ಒಂದು ಕಾಲಕ್ಕೆ ಕಡಲು ದಾಟಿ ಬಂದವೇ. ಮಂಚೂರಿಗಂತೂ ಚೀನಾದೇಶದ ಆ ನಾಡಿನ ಸಂಬಂಧವೇ ಇಲ್ಲ. 1975ರ ಸುಮಾರಿಗೆ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಅಡಿಗೆಯವರ ಕೈಯಲ್ಲಿ ಅದು ಹುಟ್ಟಿತೆಂಬುದು ಪ್ರಸಿದ್ಧವಾದ ಮಾತು. ತಿನಿಸು ಎಲ್ಲಿಯದು ಎಂಬುದಲ್ಲ, ಅದು ಯಾವುದರಿಂದ ಆದದ್ದು ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಊರಲ್ಲಿ ಸಿಗುವ ಉತ್ತರಗಳಲ್ಲಿ ಅರ್ಧ ಸುಳ್ಳು. ಅಕ್ಕಿ ಪ್ಲಾಸ್ಟಿಕ್ಕಿನದು, ಮೊಟ್ಟೆ ಪ್ಲಾಸ್ಟಿಕ್ಕಿನದು, ಎಲೆಕೋಸು ಕೂಡ ಪ್ಲಾಸ್ಟಿಕ್ಕಿನದು ಎಂಬ ಪುಕಾರು 2017ರಲ್ಲಿ ಆಂಧ್ರ, ತೆಲಂಗಾಣ, ಕರ್ಣಾಟಕಗಳಲ್ಲೆಲ್ಲ ಹಬ್ಬಿತ್ತು. ಪ್ಲಾಸ್ಟಿಕ್ಕಿನ ಬೆಲೆ ಅಕ್ಕಿಯ ಬೆಲೆಗಿಂತ ಹೆಚ್ಚು. ಲಾಭಕ್ಕಾಗಿ ಮೋಸಮಾಡುವವನು ನಷ್ಟ ಮಾಡಿಕೊಂಡು ಮೋಸಮಾಡುವನೇ ಎಂದು ಯಾರೂ ಕೇಳಲಿಲ್ಲ. ಮುಂದೆ ಪಡಿತರದ ಅಕ್ಕಿಯಲ್ಲಿ ಸುಮಾರು ನೂರಕ್ಕೊಂದರಂತೆ ಸಾರವರ್ಧಿತ ಕಾಳು ಬೆರೆಸಿ ಕೊಟ್ಟಾಗ, ಅಕ್ಕಿಹಿಟ್ಟಿಗೆ ಕಬ್ಬಿಣದಂಶ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಸೇರಿಸಿ ಮಾಡಿದ ಆ ಕಾಳನ್ನೇ ಪ್ಲಾಸ್ಟಿಕ್ಕೆಂದು ಆರಿಸಿ ಎಸೆದವರುಂಟು. ರಕ್ತಹೀನತೆಗೆ ಮದ್ದಾಗಿ ಬಂದದ್ದು ತಿಪ್ಪೆಗೆ ಹೋಯಿತು. ಅದೇ ಸಂಜೆ ಮನೆಯ ಮಗು ಕೆಂಪು ಗೋಬಿಯನ್ನು ನಿಶ್ಚಿಂತೆಯಿಂದ ತಿಂದಿತು.

ಅಜಿನೊಮೊಟೊವಿನ ಮೇಲಿನ ಅಪವಾದವೂ ಬಹುಮಟ್ಟಿಗೆ ಇದೇ ಬಗೆಯದು. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞರು ಕಡಲ ಪಾಚಿಯ ಸಾರಿನಲ್ಲಿ ಆ ರುಚಿಯ ಮೂಲವನ್ನು ಕಂಡುಹಿಡಿದರು. ಇಂದು ಅದನ್ನು ಕಬ್ಬಿನ ಕಾಕಂಬಿ ಮೊದಲಾದವನ್ನು ಹುದುಗಿಸಿ ತಯಾರಿಸುತ್ತಾರೆ. ಅದರ ತಿರುಳಾದ ಗ್ಲುಟಮೇಟು ಹಣ್ಣಾದ ಟೊಮೆಟೊದಲ್ಲಿಯೂ ಉಂಟು. ಅಮೃತವೆಂದು ನಾವು ಹೇಳುತ್ತಿಲ್ಲ. ವಿಷವೆಂದು ಹೇಳುವವರು ಆಧಾರ ತೋರಬೇಕು.

ಹಾಗಾದರೆ ನಿಜವಾದ ಸಂದೇಹ ಎಲ್ಲಿಯದು? ಕಣ್ಣೆದುರಿಗೇ ಇರುವ ಬಣ್ಣದ್ದು. 2024ರ ಮಾರ್ಚ್ 11ರಂದು ಕರ್ಣಾಟಕ ಸರ್ಕಾರ ಪ್ರಕಟಿಸಿದ ಲೆಕ್ಕವನ್ನು ನೋಡಬೇಕು. ಪರೀಕ್ಷೆಗೆ ತೆಗೆದ ಗೋಬಿ ಮಂಚೂರಿಯ ಮಾದರಿಗಳು 171. ಅವುಗಳಲ್ಲಿ 107 ಅಸುರಕ್ಷಿತ. ಬೊಂಬಾಯಿ ಮಿಠಾಯಿಯ ಮಾದರಿಗಳು 25, ಅಸುರಕ್ಷಿತವಾದವು 15. ಅದೇ ವರ್ಷ ಜೂನಿನಲ್ಲಿ ಕಬಾಬಿಗೂ ಕೃತಕ ಬಣ್ಣ ಕೂಡದೆಂದು ಆಜ್ಞೆಯಾಯಿತು. ದೊರೆತ ಬಣ್ಣಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್ ಎಂಬವು ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಬಳಸಲು ಕಾನೂನು ಒಪ್ಪಿದವು, ಗೋಬಿಯಲ್ಲಿ ಒಪ್ಪದವು. ರೋಡಮಿನ್-ಬಿ ಎಂಬುದಾದರೋ ಯಾವ ತಿನಿಸಿನಲ್ಲಿಯೂ ಒಪ್ಪದ್ದು. ಅದು ಬಟ್ಟೆಗೆ, ಚರ್ಮಕ್ಕೆ, ಕಾಗದಕ್ಕೆ ಹಾಕುವ ಬಣ್ಣ.

ಬಟ್ಟೆಯ ಬಣ್ಣವೆಂದರೇನೆಂದು ನಮ್ಮ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದ ಎಮ್ಮಿಗನೂರು ನಮ್ಮದು. ಸೀರೆ ಕೊಳ್ಳುವ ನಮ್ಮ ಹೆಂಗಸರು ಸೆರಗಿನ ತುದಿಯನ್ನು ಒದ್ದೆಮಾಡಿ ಉಜ್ಜಿ, ಬಣ್ಣ ಬಿಟ್ಟರೆ ಅಂಗಡಿಯವನ ಮುಖಕ್ಕೇ ಹೇಳಿ ಎದ್ದುಬರುತ್ತಾರೆ. ಅದೇ ತಾಯಂದಿರು ಮಗುವಿನ ಬೆರಳಿಗೂ ತುಟಿಗೂ ಹತ್ತಿದ ಕೆಂಪನ್ನು ಸೆರಗಿನಿಂದ ಒರಸಿ ಸುಮ್ಮನಾಗುತ್ತಾರೆ. ಸೀರೆಗೆ ಇರುವ ಪರೀಕ್ಷೆ ಹೊಟ್ಟೆಗಿಲ್ಲವೇ?

ಇನ್ನೊಂದು ವಿಪರೀತ. ಕೆಂಪೇ ಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿ ಇಲ್ಲವೇ? ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೆಸರಾದ ಆ ಕಾಯಿಯ ಬಣ್ಣವನ್ನು ತೆಗೆದು ಪರದೇಶಗಳಿಗೆ ಕಳುಹಿಸುತ್ತೇವೆ. ನಮ್ಮ ಕೆಂಪು ಅವರ ಊಟಕ್ಕೆ, ಬಟ್ಟೆಯ ಕೆಂಪು ನಮ್ಮ ಊಟಕ್ಕೆ! ಪತ್ತಿಕೊಂಡದ ಟೊಮೆಟೊವಿನ ಕಥೆಯೂ ಇಂಥದೇ. ಬೆಲೆ ಬಿದ್ದ ವರ್ಷಗಳಲ್ಲಿ ರೈತರು ಬುಟ್ಟಿಗಟ್ಟಲೆ ಹಣ್ಣನ್ನು ರಸ್ತೆಗೆ ಸುರಿಯುವುದನ್ನು ಯಾರು ಕಂಡಿಲ್ಲ? ಆ ರಸ್ತೆಯ ಅಂಚಿನ ಬಂಡಿಯ ಮೇಲೆ ಹೆಸರು ಚೀಟಿಯಿಲ್ಲದ ಸೀಸೆಯೊಂದು. ಅದರಲ್ಲಿ ಕೆಂಪಗಿನದೇನೋ ಒಂದು. ಕಟ್ಟಿ ಮಾರುವ ಪದಾರ್ಥದ ಚೀಟಿಯಲ್ಲಿ ತೂಕದಲ್ಲಿ ಹೆಚ್ಚಾದುದನ್ನು ಮೊದಲು, ಕಡಿಮೆಯಾದುದನ್ನು ಆಮೇಲೆ ಬರೆಯಬೇಕೆಂದು ಕಾನೂನಿದೆ. ಸಕ್ಕರೆ, ನೀರು, ಪಿಷ್ಟ ಮುಂದೆ ನಿಂತು ಟೊಮೆಟೊ ಬಾಲದಲ್ಲಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಅದನ್ನು ಟೊಮೆಟೊ ಎಂದು ಕರೆಯುವುದು ಭಾಷೆಗೂ ರೈತನಿಗೂ ಒಟ್ಟಿಗೆ ಮಾಡಿದ ದ್ರೋಹ.

ಎಣ್ಣೆಯ ಮಾತೂ ಆಡಬೇಕು. ಆದವಾನಿಯು ಹತ್ತಿಗೂ ಶೇಂಗಾಕ್ಕೂ ದೊಡ್ಡ ಪೇಟೆ. ಎಣ್ಣೆ ನಮ್ಮ ಊರಿನ ಅನ್ನ. ಮತ್ತೆಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ನೂರಕ್ಕೆ 25 ಭಾಗ ಮೀರಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶಕ್ಕೆಲ್ಲ ಜಾರಿಯಾಯಿತು. ಬಾಣಲೆಯ ಎಣ್ಣೆ ಕಪ್ಪಾಗಿ, ಗಟ್ಟಿಯಾಗಿ, ನೊರೆಯೇಳುತ್ತಿದ್ದರೆ ಯಂತ್ರವಿಲ್ಲದೆಯೂ ಸಂದೇಹ ಪಡಬಹುದು. ಹೊಸ ತಿನಿಸಿಗೆ ಮಾತ್ರ ಈ ದೋಷವೆಂದೂ ತಿಳಿಯಬಾರದು. ನಮ್ಮ ಬಜಿಯ ಬಾಣಲೆಗೂ ಈ ಮಾತು ಸಲ್ಲುತ್ತದೆ. 2025ರಲ್ಲಿ ಕರ್ಣಾಟಕದ ಐವತ್ತು ಹೋಟೆಲುಗಳಲ್ಲಾದರೂ ಇಡ್ಲಿಯನ್ನು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಬೇಯಿಸುತ್ತಿದ್ದುದು ಬಯಲಾಯಿತು. ಇಡ್ಲಿ ನಮ್ಮದೆಂದು ಅದಕ್ಕೆ ಮಾಫಿ ಇಲ್ಲ.

ಇಷ್ಟೆಲ್ಲ ಚೀಟಿಯ ಮೇಲೆ ಬರೆದಿರುತ್ತದಲ್ಲ, ಓದಿಕೊಳ್ಳಬಹುದಲ್ಲ ಎನ್ನುವವರಿಗೆ ನಾವು ಕೇಳುತ್ತೇವೆ: ಯಾವ ಭಾಷೆಯಲ್ಲಿ? ಕಾನೂನು ಕಡ್ಡಾಯ ಮಾಡಿರುವುದು ಇಂಗ್ಲಿಷನ್ನು, ಇಲ್ಲವೆ ದೇವನಾಗರಿಯ ಹಿಂದಿಯನ್ನು. ಬೇರೆ ಭಾಷೆಯಲ್ಲಿ ಬರೆಯುವುದು ತಯಾರಕನ ದಯೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದಂದಿನಿಂದ ನಮ್ಮ ಸೀಮೆ ಎರಡು ಭಾಷೆಗಳಲ್ಲಿ ಉಂಡು ಬದುಕಿದೆ. ಆ ಎರಡರಲ್ಲಿ ಒಂದೂ ನಮ್ಮ ಅನ್ನದ ಚೀಟಿಯ ಮೇಲೆ ಕಡ್ಡಾಯವಲ್ಲ. ಇದು ಕನ್ನಡಿಗರ ದೂರು ಮಾತ್ರವಲ್ಲ; ನೆರೆಮನೆಯ ತೆಲುಗರ ದೂರೂ ಹೌದು. ಹತ್ತಿ ಬಿಡಿಸಿ ಬಂದ ತಾಯಿಗೆ ‘ಅನುಮತಿಸಿದ ಕೃತಕ ಬಣ್ಣ’ ಎಂಬ ಮಾತು ಅವಳ ಭಾಷೆಯಲ್ಲಿ ಕಾಣದಿದ್ದರೆ, ಅವಳ ಪಾಲಿಗೆ ಆ ಚೀಟಿ ಬರೆದೂ ಬರೆಯದಂತೆ.

ಬಂಡಿಯವನು ಬಡವ, ಅವನ ಹೊಟ್ಟೆಯ ಮೇಲೆ ಏಕೆ ಹೊಡೆಯುತ್ತೀರಿ ಎಂದು ಕೆಲವರು ಗದರುವರು. ನಾವು ಹೊಡೆಯುತ್ತಿಲ್ಲ. ಬಣ್ಣದ ಪೊಟ್ಟಣವನ್ನು ಅವನು ಮನೆಯಲ್ಲಿ ಮಾಡಲಿಲ್ಲ. ಯಾರೋ ತಯಾರಿಸಿದರು, ಯಾರೋ ಸಗಟಿನಲ್ಲಿ ತರಿಸಿದರು, ‘ತಿನ್ನುವ ಬಣ್ಣ’ ಎಂದು ಯಾರೋ ಅವನ ಕೈಗಿತ್ತರು. ಅವನ ಮಕ್ಕಳೂ ಅದನ್ನೇ ತಿನ್ನುತ್ತಾರೆ. ಬಂಡಿಯನ್ನು ಎತ್ತಿಕೊಂಡು ಹೋಗಿ ಸಗಟು ಅಂಗಡಿಯನ್ನು ಬಿಟ್ಟುಬರುವ ತಪಾಸಣೆ ತಪಾಸಣೆಯಲ್ಲ. ಕೆಂಪಾಗಿಲ್ಲವೆಂದು ತಟ್ಟೆಯನ್ನು ಹಿಂದಕ್ಕೆ ತಳ್ಳುವ ಗಿರಾಕಿಯೂ ಈ ಪಾಪದಲ್ಲಿ ಪಾಲುಗಾರನೇ.

ಕರ್ಣಾಟಕದ ಆಜ್ಞೆ ಗಡಿಯಾಚೆಗೆ ಮಾತ್ರ ತಾನೆ ಎಂದು ಸುಮ್ಮನಿರುವುದೂ ಸಲ್ಲದು. ಆ ಆಜ್ಞೆಯ ಬೆನ್ನಿಗಿರುವುದು 2006ರ ಆಹಾರ ಸುರಕ್ಷತೆಯ ಕೇಂದ್ರ ಕಾನೂನು. ಅದು ಆಲೂರಿಗೂ ಬಳ್ಳಾರಿಗೂ ಒಂದೇ. ಅದರ 40ನೆಯ ಕಲಮಿನ ಪ್ರಕಾರ ಯಾವ ಗಿರಾಕಿಯಾದರೂ, ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿ, ಶುಲ್ಕ ಕಟ್ಟಿ ಪದಾರ್ಥವನ್ನು ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕ ಹಿಂದಕ್ಕೆ ಬರುತ್ತದೆ. ಒಬ್ಬನಿಗೆ ಇದು ಭಾರವಾದೀತು, ಸಂಘಕ್ಕೆ ಅಲ್ಲ. ನಮ್ಮ ಸಂಘಗಳು ರಾಜ್ಯೋತ್ಸವದ ಚಪ್ಪರಕ್ಕೆ ಎತ್ತುವ ಚಂದಾದಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಲಿ. ಪರೀಕ್ಷೆಯ ಫಲವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದು ಊರ ಚಾವಡಿಗೆ ಅಂಟಿಸಲಿ. ಶುದ್ಧವೆಂದು ತೇರ್ಗಡೆಯಾದ ಬಂಡಿಯವನ ಹೆಸರನ್ನು ಮೊದಲು ಬರೆಯಲಿ; ಅವನಿಗೆ ನಾಲ್ಕು ಗಿರಾಕಿ ಹೆಚ್ಚಾಗಲಿ. ಚೀಟಿಗಳ ಮೇಲೆ ರಾಜ್ಯದ ಭಾಷೆಯೂ ನೆರೆಯ ಭಾಷೆಯೂ ಕಡ್ಡಾಯವಾಗಬೇಕೆಂದು ದೆಹಲಿಗೆ ಅರ್ಜಿ ಹೋಗಲಿ.

ಪುಕಾರನ್ನು ನಂಬಿ ಅನ್ನವನ್ನು ಎಸೆಯುವುದು ಮೌಢ್ಯ. ಕಣ್ಣಿಗೆ ಕಂಡ ಕೆಂಪನ್ನು ಕೇಳದೆ ನುಂಗುವುದು ಅದಕ್ಕಿಂತ ದೊಡ್ಡ ಮೌಢ್ಯ. ‘ಇದರಲ್ಲಿ ಏನೇನು ಹಾಕಿದೆಯಪ್ಪಾ?’ ಎಂದು ಬಂಡಿಯ ಮುಂದೆ ನಿಂತು ಕೇಳಲು ಕಾಸಿನ ಖರ್ಚಿಲ್ಲ. ಕೇಳುವವರು ಹತ್ತು ಮಂದಿಯಾದ ದಿನ ಉತ್ತರವೂ ಬದಲಾಗುತ್ತದೆ, ಹೂರಣವೂ ಬದಲಾಗುತ್ತದೆ.